ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯ

2024ರ ಅಕ್ಟೋಬರ್ 21ರಂದು ಒಂದು ಹೊಸ ಅವಿಭಾಜ್ಯ ಸಂಖ್ಯೆಯ ಸುದ್ದಿ ಹೊರಬಿತ್ತು. ಸಂಕ್ಷೇಪವಾಗಿ ಬರೆದರೆ ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ: 2¹³⁶²⁷⁹⁸⁴¹ − 1. ಅಂದರೆ 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಬೇಕು. ಪೂರ್ತಿ ಬಿಡಿಸಿ ಬರೆಯಲು ಹೊರಟರೆ 4,10,24,320 ಅಂಕಿಗಳು ಬೇಕು. ಪುಟಕ್ಕೆ ಮೂರು ಸಾವಿರ ಅಂಕಿ ಹಿಡಿಸಿದರೂ ಹದಿಮೂರೂವರೆ ಸಾವಿರ ಪುಟ ದಾಟುತ್ತದೆ. ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳ ಪೈಕಿ ಅಲ್ಲಿಯವರೆಗೆ ಗೊತ್ತಾದವುಗಳಲ್ಲೆಲ್ಲ ಇದೇ ದೊಡ್ಡದು.

ಇಂಥ ಸಂಖ್ಯೆ ಸಿಕ್ಕಾಗಲೆಲ್ಲ ಸುದ್ದಿಯಾಗುವುದು ಅದರ ಗಾತ್ರ. ಆದರೆ ಗಾತ್ರಕ್ಕಿಂತ ದೊಡ್ಡ ಪ್ರಶ್ನೆಯೊಂದು ಅದರ ಹಿಂದಿದೆ. ಯಾರೂ ಕೂತು ಓದಲಾರದ ಸಂಖ್ಯೆಯ ಬಗ್ಗೆ ನಮಗೆ ನಿಜಕ್ಕೂ ಗೊತ್ತಿರುವುದೇನು? ಅದು ಭಾಗವಾಗುವುದಿಲ್ಲ ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ? ಈ ಪ್ರಶ್ನೆಯ ಸುತ್ತ ನಾಲ್ಕು ಶತಮಾನಗಳಲ್ಲಿ ಬೆಳೆದು ಬಂದ ಗಣಿತವನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ: ಈ ಸಂಖ್ಯೆ ನಮ್ಮ ಕೈಗೆ ಸಿಕ್ಕಿದ್ದು ಅದರ ಆಕಾರ ಅಪರೂಪದ್ದು ಎಂಬ ಒಂದೇ ಕಾರಣಕ್ಕೆ. ಇದೇ ಗಾತ್ರದ ಸಾಧಾರಣ ಅವಿಭಾಜ್ಯವೊಂದನ್ನು ಇದುವರೆಗೆ ಯಾರೂ ಗುರುತಿಸಿಲ್ಲ.

ಕಂಪ್ಯೂಟರ್ ಇಲ್ಲದೆ, ಕಾಗದ ಪೆನ್ಸಿಲ್‌ನಲ್ಲೇ ಈ ಸಂಖ್ಯೆಯ ಬಗ್ಗೆ ಎಷ್ಟು ತಿಳಿಯಬಹುದು ಎಂಬುದನ್ನು ಮೊದಲು ನೋಡೋಣ. 2ರ ಲಾಗರಿದಮ್ 0.30103ರ ಆಸುಪಾಸು. ಅದರ ಹೆಚ್ಚು ನಿಖರವಾದ ಬೆಲೆಯನ್ನು 13,62,79,841ರಿಂದ ಗುಣಿಸಿದರೆ 4,10,24,319.945 ಬರುತ್ತದೆ. ಪೂರ್ಣಾಂಕ ಭಾಗಕ್ಕೆ ಒಂದು ಕೂಡಿದರೆ ಅಂಕಿಗಳ ಎಣಿಕೆ ಸಿಕ್ಕಿತು. ದಶಮಾಂಶ ಭಾಗದಿಂದ ಸಂಖ್ಯೆ 88 ಎಂಬ ಅಂಕಿಗಳಿಂದ ಶುರುವಾಗುತ್ತದೆ ಎಂಬುದೂ ತಿಳಿಯಿತು. ಬಲಗಡೆಯ ತುದಿಯೂ ಅಷ್ಟೇ ಸುಲಭ. ಎರಡರ ಘಾತಗಳ ಕೊನೆಯ ಎರಡು ಅಂಕಿಗಳು 4ರಿಂದ ಮುಂದಕ್ಕೆ ಇಪ್ಪತ್ತು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 13,62,79,841ನ್ನು 20ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಕೊನೆಯ ಎರಡು ಅಂಕಿ 2²¹ ಅಂದರೆ 20,97,152ರಲ್ಲಿರುವಂತೆ 52. ಒಂದು ಕಳೆದರೆ 51. ನಮ್ಮ ಸಂಖ್ಯೆ 51ರಲ್ಲಿ ಮುಗಿಯುತ್ತದೆ. ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡುತ್ತ ಒಂದೇ ಅಂಕಿ ಉಳಿಯುವವರೆಗೆ ಹೋದರೆ ಸಿಗುವುದು 4. ಅದಕ್ಕೂ ನಾಲ್ಕು ಕೋಟಿ ಅಂಕಿಗಳನ್ನು ಕೂಡಬೇಕಾಗಿಲ್ಲ, 9ರಿಂದ ಭಾಗಿಸಿದಾಗಿನ ಶೇಷ ಗೊತ್ತಾದರೆ ಸಾಕು.

ಇನ್ನೂ ಆಳಕ್ಕೆ ಹೋಗಬಹುದು. ಈ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಶೇಷ 7, ಏಕೆಂದರೆ ಅದು 8ರ ಗುಣಕವೊಂದಕ್ಕಿಂತ ಒಂದು ಕಡಿಮೆ. ಯಾವುದೇ ವರ್ಗಸಂಖ್ಯೆಯನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಈ ಮೂರರಲ್ಲಿ ಯಾವ ಮೂರನ್ನು ಹೇಗೆ ಕೂಡಿದರೂ ಶೇಷ 7 ಬರುವುದಿಲ್ಲ. ಹೀಗಾಗಿ ನಮ್ಮ ಸಂಖ್ಯೆಯನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ, ನಾಲ್ಕು ಬೇಕೇ ಬೇಕು. ನಾಲ್ಕು ಸಾಕು ಎಂಬುದು 1770ರಲ್ಲಿ ಲಗ್ರಾಂಜ್ ಸಾಧಿಸಿದ ಪ್ರಮೇಯ. ಮೂರು ಸಾಲಿನ ಈ ವಾದ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಬಗ್ಗೆ ಸಂಪೂರ್ಣ ಖಚಿತವಾದ ಸತ್ಯವೊಂದನ್ನು ಹೇಳುತ್ತದೆ. ಸಂಖ್ಯಾ ಸಿದ್ಧಾಂತದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇಂಥ ವಾದಗಳ ಶಕ್ತಿಯೇ.

ಆದರೆ ಇವೆಲ್ಲ ಆ ಆಕಾರದ ಯಾವ ಸಂಖ್ಯೆಗೂ ಒಪ್ಪುವ ಗುಣಗಳು. ಭಾಗವಾಗುವ 2¹¹ − 1 = 2,047ಕ್ಕೂ ಮೂರು ವರ್ಗಗಳು ಸಾಲವು. ಅವಿಭಾಜ್ಯವಾದದ್ದರಿಂದಲೇ ಒದಗುವ ಗುಣಗಳು ಬೇರೆ. ಒಂದು ಉದಾಹರಣೆ: 3ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಒಂದು ವರ್ಗ ಮತ್ತು ಇನ್ನೊಂದು ವರ್ಗದ ಮೂರರಷ್ಟರ ಮೊತ್ತವಾಗಿ ಬರೆಯಬಹುದು. 31 ಎಂದರೆ 4 + 27. 127 ಎಂದರೆ 100 + 27. 2,047ನ್ನೂ 3ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದರೆ ಅದು 23 × 89, ಹಾಗಾಗಿ ಅದನ್ನು ಈ ರೀತಿ ಬರೆಯಲಾಗದು. ನಮ್ಮ ನಾಲ್ಕು ಕೋಟಿ ಅಂಕಿಗಳ ಸಂಖ್ಯೆ ನಿಜಕ್ಕೂ ಅವಿಭಾಜ್ಯವಾಗಿದ್ದರೆ ಅಂಥ ಎರಡು ವರ್ಗಗಳು ಎಲ್ಲೋ ಇರಲೇಬೇಕು.

ಅವಿಭಾಜ್ಯವಾಗಿದ್ದರೆ. ಕಷ್ಟವಿರುವುದು ಅಲ್ಲಿ. ಶಾಲೆಯಲ್ಲಿ ಕಲಿತ ದಾರಿ ಎಂದರೆ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಇಲ್ಲಿ ವರ್ಗಮೂಲಕ್ಕೇ ಎರಡು ಕೋಟಿಗೂ ಹೆಚ್ಚು ಅಂಕಿಗಳು. ಆ ದಾರಿ ಜಗತ್ತಿನ ಎಲ್ಲ ಯಂತ್ರಗಳನ್ನು ಸೇರಿಸಿದರೂ ಮುಗಿಯುವಂಥದ್ದಲ್ಲ.

ಎರಡರ ಘಾತದಿಂದ ಒಂದು ಕಳೆದ ಸಂಖ್ಯೆಗಳ ಮೇಲೆ ಗಣಿತಜ್ಞರ ಕಣ್ಣು ಬಿದ್ದದ್ದು ಪರಿಪೂರ್ಣ ಸಂಖ್ಯೆಗಳ ಕಾರಣಕ್ಕೆ. 6ರ ಭಾಜಕಗಳಾದ 1, 2, 3ನ್ನು ಕೂಡಿದರೆ 6. 28ಕ್ಕೂ ಹಾಗೆಯೇ, 1 + 2 + 4 + 7 + 14. ಇಂಥ ಸಂಖ್ಯೆ ಸಿಗುವ ಬಗೆಯನ್ನು ಯೂಕ್ಲಿಡ್ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಕೊಟ್ಟಿದ್ದಾನೆ: ಎರಡರ ಘಾತವೊಂದರಿಂದ ಒಂದು ಕಳೆದಾಗ ಅವಿಭಾಜ್ಯ ಬಂದರೆ, ಅದನ್ನು ಆ ಘಾತದ ಅರ್ಧದಿಂದ ಗುಣಿಸಿದಾಗ ಪರಿಪೂರ್ಣ ಸಂಖ್ಯೆ ಬರುತ್ತದೆ. ಸಮ ಪರಿಪೂರ್ಣ ಸಂಖ್ಯೆಗಳಿಗೆ ಇದೊಂದೇ ದಾರಿ ಎಂದು ಎರಡು ಸಾವಿರ ವರ್ಷಗಳ ನಂತರ ಆಯ್ಲರ್ ಸಾಧಿಸಿದ. ಹೀಗೆ 2024ರ ಅವಿಭಾಜ್ಯದ ಜೊತೆಗೇ 8,20,48,640 ಅಂಕಿಗಳ ಒಂದು ಪರಿಪೂರ್ಣ ಸಂಖ್ಯೆಯೂ ದಕ್ಕಿದೆ.

ಘಾತಾಂಕ ಅವಿಭಾಜ್ಯವಾಗಿರಲೇಬೇಕು ಎಂಬುದು ಬೇಗ ತಿಳಿಯುತ್ತದೆ. 2¹⁵ − 1 ಆದ 32,767, 7ರಿಂದಲೂ 31ರಿಂದಲೂ ಭಾಗವಾಗುತ್ತದೆ, ಏಕೆಂದರೆ 15 ಎಂದರೆ 3 × 5. ಆದರೆ ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಸಾಲದು. 2¹¹ − 1 ಒಡೆಯುತ್ತದೆ ಎಂಬುದು 1536ರಲ್ಲಿ ಬೆಳಕಿಗೆ ಬಂತು. 1644ರಲ್ಲಿ ಫ್ರಾನ್ಸಿನ ಪಾದ್ರಿ ಮಾರಾಂ ಮರ್ಸೆನ್ ಒಂದು ಪಟ್ಟಿ ಮುಂದಿಟ್ಟ. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇವಿಷ್ಟೇ ಅವಿಭಾಜ್ಯ ಕೊಡುತ್ತವೆ ಎಂಬುದು ಅವನ ಹೇಳಿಕೆ. 67 ಮತ್ತು 257 ತಪ್ಪು. 61, 89, 107 ಪಟ್ಟಿಯಲ್ಲಿ ಬಿಟ್ಟುಹೋಗಿವೆ. ಆದರೂ ಆ ಪಟ್ಟಿ ಮಾಡಿದ ಉಪಕಾರ ದೊಡ್ಡದು. ಅದನ್ನು ಪೂರ್ತಿಯಾಗಿ ಪರೀಕ್ಷಿಸಲು ಮುನ್ನೂರು ವರ್ಷ ಹಿಡಿಯಿತು, ಪರೀಕ್ಷಿಸುವ ಹಟದಲ್ಲೇ ಈ ವಿಷಯದ ಮುಖ್ಯ ವಿಧಾನಗಳೆಲ್ಲ ಹುಟ್ಟಿದವು. ಇಂಥ ಅವಿಭಾಜ್ಯಗಳಿಗೆ ಮರ್ಸೆನ್‌ನ ಹೆಸರು ನಿಂತದ್ದು ನ್ಯಾಯವೇ ಸರಿ.

ಮೊದಲ ದೊಡ್ಡ ಹೆಜ್ಜೆ ಆಯ್ಲರ್‌ನದು. ಇಂಥ ಸಂಖ್ಯೆಗೆ ಭಾಜಕವೇನಾದರೂ ಇದ್ದರೆ ಅದನ್ನು ಘಾತಾಂಕದ ಎರಡರಷ್ಟರಿಂದ ಭಾಗಿಸಿದಾಗ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. 2,047ರ ಭಾಜಕಗಳಾದ 23 ಮತ್ತು 89 ಎರಡೂ 22ರ ಗುಣಕಕ್ಕಿಂತ ಒಂದು ಹೆಚ್ಚು. ಈ ಎರಡು ಷರತ್ತುಗಳನ್ನು 2³¹ − 1ಕ್ಕೆ ಅನ್ವಯಿಸಿದರೆ, 46,340ರವರೆಗೆ ಪರೀಕ್ಷಿಸಬೇಕಾದ ಸಂಖ್ಯೆಗಳು 373ಕ್ಕೆ ಇಳಿಯುತ್ತವೆ. ಅವುಗಳಲ್ಲಿ ಅವಿಭಾಜ್ಯಗಳು ಇನ್ನೂ ಕಡಿಮೆ. 1772ರಲ್ಲಿ ಆಯ್ಲರ್ 2,14,74,83,647 ಅವಿಭಾಜ್ಯ ಎಂದು ಸಾರಿದ. ಇದೇ ನಿಯಮದ ಪ್ರಕಾರ 2024ರ ಸಂಖ್ಯೆಗೆ 27,25,59,683ಕ್ಕಿಂತ ಚಿಕ್ಕ ಭಾಜಕ ಇರುವ ಹಾಗೇ ಇಲ್ಲ. ಇಪ್ಪತ್ತೇಳು ಕೋಟಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೇ ವಾದ ಪಕ್ಕಕ್ಕೆ ಸರಿಸಿಬಿಡುತ್ತದೆ.

ಆಯ್ಲರ್‌ನ ಈ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಮುಂದೆ ಯಾರೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಕುತೂಹಲಕ್ಕಾಗಿ ಅಷ್ಟು ಶ್ರಮಪಡುವವರು ಯಾರಿದ್ದಾರೆ ಎಂಬ ಅರ್ಥದ ಮಾತನ್ನು 1811ರಲ್ಲಿ ಪೀಟರ್ ಬಾರ್ಲೊ ಬರೆದ. ಎರಡು ಕಾರಣಕ್ಕೆ ಆ ಮಾತು ಸುಳ್ಳಾಯಿತು. ಶ್ರಮಪಡುವವರು ಬಂದರು. ಮತ್ತು 2,14,74,83,647 ಎಂಬ ಸಂಖ್ಯೆ ಕಂಪ್ಯೂಟರ್‌ಗಳ 32 ಬಿಟ್ ಲೆಕ್ಕದಲ್ಲಿ ಹಿಡಿಯುವ ಅತಿ ದೊಡ್ಡ ಧನಪೂರ್ಣಾಂಕವಾಗಿ ಲೋಕದ ಕೆಲಸಕ್ಕೇ ಬಂತು. ಹಳೆಯ ಯೂನಿಕ್ಸ್ ಗಡಿಯಾರಗಳು 2038ರ ಜನವರಿ 19ರಂದು ಮುಗ್ಗರಿಸುವ ಅಪಾಯವಿರುವುದು ಸೆಕೆಂಡುಗಳ ಎಣಿಕೆ ಇದೇ ಸಂಖ್ಯೆಯನ್ನು ಮುಟ್ಟುವುದರಿಂದ.

ಎರಡನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದದ್ದು. ಅದು ಫ್ರಾನ್ಸಿನ ಎದುವಾ ಲೂಕಾನದು. ಭಾಜಕಗಳನ್ನು ಹುಡುಕುವುದನ್ನೇ ಆತ ಕೈಬಿಟ್ಟ. ಫಿಬೊನಾಚಿ ಸರಣಿಯ ಗುಣಗಳನ್ನು ಬಳಸಿ, ಒಂದೇ ಒಂದು ಭಾಜಕವನ್ನೂ ಪರೀಕ್ಷಿಸದೆ ಅವಿಭಾಜ್ಯತೆಯನ್ನು ತೀರ್ಮಾನಿಸುವ ದಾರಿ ತೆರೆದ. 1876ರಲ್ಲಿ ಆತ 2¹²⁷ − 1 ಅವಿಭಾಜ್ಯ ಎಂದು ಪ್ರಕಟಿಸಿದ: 170141183460469231731687303715884105727. ಮೂವತ್ತೊಂಬತ್ತು ಅಂಕಿಗಳು. ಯಂತ್ರದ ನೆರವಿಲ್ಲದೆ ಕೈಲೆಕ್ಕದಿಂದ ಕಂಡುಕೊಂಡ ಅವಿಭಾಜ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ. ಅದರ ದಾಖಲೆ ಮುರಿಯಲು 1951ರವರೆಗೆ, ಅಂದರೆ ಲೆಕ್ಕದ ಯಂತ್ರಗಳು ಬರುವವರೆಗೆ, ಕಾಯಬೇಕಾಯಿತು. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗಿಂತ ಈ ಮೂವತ್ತೊಂಬತ್ತು ಅಂಕಿಗಳೇ ಹೆಚ್ಚಿನ ಸಾಧನೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೂಕಾನ ವಿಧಾನವನ್ನು ಅಮೆರಿಕದ ಡಿ.ಎಚ್. ಲೆಹ್ಮರ್ 1930ರ ಹೊತ್ತಿಗೆ ಈಗಿನ ಸರಳ ರೂಪಕ್ಕೆ ತಂದರು. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2⁷ − 1 = 127ಕ್ಕೆ ಮಾಡಿ ನೋಡಿ. 4ರಿಂದ 14. 14ರಿಂದ 194, ಶೇಷ 67. 67ರಿಂದ 4,487, ಶೇಷ 42. 42ರಿಂದ 1,762, ಶೇಷ 111. 111ರಿಂದ 12,319. ಅದು 127ರ 97ರಷ್ಟು, ಶೇಷ ಸೊನ್ನೆ. ಐದು ಹೆಜ್ಜೆಗೆ ತೀರ್ಪು ಬಂತು. 2,047ಕ್ಕೆ ಇದನ್ನೇ ಮಾಡಿದರೆ ಒಂಬತ್ತನೆಯ ಹೆಜ್ಜೆಯಲ್ಲಿ 1,736 ಉಳಿಯುತ್ತದೆ. ಆದ್ದರಿಂದ ಅದು ಒಡೆಯುವ ಸಂಖ್ಯೆ. ಗಮನಿಸಿ, 23 ಎಂಬ ಭಾಜಕ ಈ ಲೆಕ್ಕದಲ್ಲಿ ಎಲ್ಲೂ ತಲೆ ಹಾಕಲಿಲ್ಲ.

ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದೇ ಬೇರೆ, ಅದನ್ನು ಒಡೆಯುವುದೇ ಬೇರೆ. ಈ ವ್ಯತ್ಯಾಸವನ್ನು ಲೋಕಕ್ಕೆ ಮನಗಾಣಿಸಿದ್ದು 2⁶⁷ − 1. ಅದು ಅವಿಭಾಜ್ಯವಲ್ಲ ಎಂದು ಲೂಕಾ ತೋರಿಸಿದ್ದ, ಭಾಜಕ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ 193707721 × 761838257287 ಎಂಬ ಉತ್ತರವನ್ನು ಮಂಡಿಸಿದರು. ಅವರು ಕರಿಹಲಗೆಯ ಮೇಲೆ ಗುಣಾಕಾರವನ್ನು ಮಾಡಿ ಮುಗಿಸಿ ಒಂದು ಮಾತೂ ಆಡದೆ ಹೋಗಿ ಕೂತರೆಂದೂ, ಮೂರು ವರ್ಷಗಳ ಭಾನುವಾರಗಳು ಅದಕ್ಕೆ ಹಿಡಿದವೆಂದೂ ಇ.ಟಿ. ಬೆಲ್ ಬರೆದಿದ್ದಾರೆ. ಕತೆಗೆ ಬಣ್ಣ ಸೇರಿರಬಹುದು, ಗುಣಾಕಾರಕ್ಕೆ ಸೇರಿಲ್ಲ. ಮೊದಲ ಭಾಜಕದಿಂದ ಒಂದು ಕಳೆದರೆ ಅದು 134ರಿಂದ, ಅಂದರೆ 67ರ ಎರಡರಷ್ಟರಿಂದ, ಸರಿಯಾಗಿ ಭಾಗವಾಗುತ್ತದೆ. ಆಯ್ಲರ್‌ನ ನಿಯಮ ಇಲ್ಲೂ ತಪ್ಪಿಲ್ಲ.

ಲೂಕಾ–ಲೆಹ್ಮರ್ ಪರೀಕ್ಷೆ ಕೆಲಸ ಮಾಡುವುದೇಕೆ ಎಂಬುದರಲ್ಲೇ ಈ ಇಡೀ ವಿಷಯದ ಗುಟ್ಟಿದೆ. ಪರೀಕ್ಷೆಗಿಟ್ಟ ಸಂಖ್ಯೆಗೆ ಒಂದು ಕೂಡಿದರೆ ಶುದ್ಧ ಎರಡರ ಘಾತ ಬರುತ್ತದೆ. ಅಂದರೆ ಅದರ ಪಕ್ಕದ ಸಂಖ್ಯೆಯ ಅಪವರ್ತನಗಳೆಲ್ಲ ನಮಗೆ ಮೊದಲೇ ಗೊತ್ತು, ಅಲ್ಲಿ ಎರಡನ್ನು ಬಿಟ್ಟು ಬೇರೇನೂ ಇಲ್ಲ. 2 + √3 ಎಂಬ ಸಂಖ್ಯೆಯನ್ನು ಮತ್ತೆ ಮತ್ತೆ ವರ್ಗ ಮಾಡುತ್ತ ಹೋದಾಗ ಅದು ಎಷ್ಟನೆಯ ಘಾತದಲ್ಲಿ ಒಂದಕ್ಕೆ ಮರಳುತ್ತದೆ ಎಂಬುದನ್ನು ಆ ಸರಣಿ ಗುಟ್ಟಾಗಿ ಲೆಕ್ಕ ಹಾಕುತ್ತಿರುತ್ತದೆ. ಪಕ್ಕದ ಸಂಖ್ಯೆಯ ರಚನೆ ಪೂರ್ತಿ ಗೊತ್ತಿರುವುದರಿಂದ ಆ ಒಂದು ಮಾಹಿತಿಯೇ ಸಾಧನೆಗೆ ಸಾಕಾಗುತ್ತದೆ. ಒಂದು ಕೂಡಿದಾಗಲೋ ಒಂದು ಕಳೆದಾಗಲೋ ಸುಲಭವಾಗಿ ಒಡೆಯುವ ಸಂಖ್ಯೆಗಳಿಗೆ ಮಾತ್ರ ಇಂಥ ಭಾಗ್ಯ. ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯಗಳ ಪಟ್ಟಿಯಲ್ಲಿ ಮೇಲಿನ ಸ್ಥಾನಗಳೆಲ್ಲ ಇಂಥ ವಿಶೇಷ ಆಕಾರದವುಗಳ ಪಾಲಾಗಿರುವುದು ಇದರಿಂದಲೇ.

ಹಾಗಾದರೆ ಸಾಧಾರಣ ಸಂಖ್ಯೆಗಳ ಗತಿ? ಅಲ್ಲಿ ಮೊದಲ ಆಸರೆ ಫರ್ಮಾನ ಚಿಕ್ಕ ಪ್ರಮೇಯ. ಅವಿಭಾಜ್ಯವೊಂದರಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಅದೇ ಅವಿಭಾಜ್ಯದಿಂದ ಭಾಗಿಸಿದರೆ 1 ಉಳಿಯುತ್ತದೆ. 1 ಉಳಿಯದಿದ್ದರೆ ಸಂಖ್ಯೆ ಒಡೆಯುತ್ತದೆ ಎಂಬುದು ಖಚಿತ. ಉಳಿದರೆ ಅವಿಭಾಜ್ಯವೇ ಎಂದು ಹೇಳುವಂತಿಲ್ಲ. 341 ಎಂದರೆ 11 × 31, ಆದರೂ ಅದು 2ರ ಪರೀಕ್ಷೆಯಲ್ಲಿ ಪಾಸಾಗುತ್ತದೆ. 561 ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆಯಿಂದ ಪರೀಕ್ಷಿಸಿದರೂ ಸಿಕ್ಕಿಬೀಳುವುದಿಲ್ಲ. ರಾಮಾನುಜನ್ ಮತ್ತು ಹಾರ್ಡಿಯವರಿಂದ ಹೆಸರಾದ 1729 ಕೂಡ ಇಂಥದ್ದೇ ವೇಷಧಾರಿ, ಅದು 7 × 13 × 19. ಮರ್ಸೆನ್ ಸಂಖ್ಯೆಗಳಲ್ಲಿ ಇನ್ನೊಂದು ವಿಶೇಷವಿದೆ. ಘಾತಾಂಕ ಅವಿಭಾಜ್ಯವಾಗಿದ್ದರೆ ಅವು ಒಡೆಯಲಿ ಬಿಡಲಿ, 2ರ ಪರೀಕ್ಷೆಯನ್ನು ಎಲ್ಲವೂ ದಾಟಿಬಿಡುತ್ತವೆ. ಆದ್ದರಿಂದ ಅವುಗಳ ಮೇಲೆ 3ನ್ನು ಪ್ರಯೋಗಿಸಬೇಕು.

1970ರ ದಶಕದ ಕೊನೆಯ ಹೊತ್ತಿಗೆ ಮಿಲ್ಲರ್ ಮತ್ತು ರಾಬಿನ್ ಈ ಪರೀಕ್ಷೆಯನ್ನು ಹರಿತಗೊಳಿಸಿದರು. ಅದರಲ್ಲಿ ಒಡೆಯುವ ಸಂಖ್ಯೆ ಪ್ರತಿ ಸಲವೂ ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ಇಪ್ಪತ್ತು ಸಲ ಪರೀಕ್ಷಿಸಿದರೆ ಅನುಮಾನಕ್ಕೆ ಉಳಿಯುವ ಜಾಗ ತೀರ ಕಿರಿದು. ಬ್ಯಾಂಕಿನ ವ್ಯವಹಾರಕ್ಕೆ ಅಷ್ಟು ಸಾಕು. ಗಣಿತಕ್ಕೆ ಸಾಲದು, ಏಕೆಂದರೆ ಸಂಭವ ಎಷ್ಟೇ ಹೆಚ್ಚಿದ್ದರೂ ಅದು ಸಾಧನೆಯಲ್ಲ. ಯಾವುದೇ ಸಂಖ್ಯೆಯನ್ನು, ಅದರ ಆಕಾರ ಏನೇ ಇರಲಿ, ಸಂಶಯಕ್ಕೆ ಎಡೆಯಿಲ್ಲದೆ ಮತ್ತು ಅಂಕಿಗಳ ಎಣಿಕೆಗೆ ತಕ್ಕ ಮಿತವಾದ ಸಮಯದಲ್ಲಿ ಪರೀಕ್ಷಿಸಬಹುದೇ ಎಂಬ ಪ್ರಶ್ನೆ ಬಹಳ ಕಾಲ ಹಾಗೇ ಉಳಿದಿತ್ತು. ಅದಕ್ಕೆ ಹೌದು ಎಂಬ ಉತ್ತರ ಬಂದದ್ದು 2002ರ ಆಗಸ್ಟ್‌ನಲ್ಲಿ, ಕಾನ್ಪುರದ ಐಐಟಿಯಿಂದ. ಮಣೀಂದ್ರ ಅಗರ್ವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಬರೆದ ಆ ಪ್ರಬಂಧ ಕೆಲವೇ ಪುಟಗಳದು. ಅದನ್ನು ಅರ್ಥಮಾಡಿಕೊಳ್ಳಲು ಸ್ನಾತಕೋತ್ತರ ತರಗತಿಯ ಬೀಜಗಣಿತ ಹೆಚ್ಚುಕಡಿಮೆ ಸಾಕು. 2004ರಲ್ಲಿ ಅದು ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಪ್ರಕಟವಾಯಿತು, 2006ರಲ್ಲಿ ಗೊಡೆಲ್ ಪ್ರಶಸ್ತಿ ಪಡೆಯಿತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದರು. ಅವಿಭಾಜ್ಯಗಳ ಚರಿತ್ರೆಯಲ್ಲಿ ನಮ್ಮ ದೇಶದಿಂದ ಬಂದ ಇದಕ್ಕಿಂತ ಸುಂದರವಾದ ಕೊಡುಗೆ ರಾಮಾನುಜನ್ನರ ನಂತರ ನನಗೆ ಕಾಣುವುದಿಲ್ಲ.

ಆದರೆ ತತ್ವದಲ್ಲಿ ವೇಗವಾಗಿರುವುದೆಲ್ಲ ಕೆಲಸದಲ್ಲಿ ವೇಗವಾಗಿರುವುದಿಲ್ಲ. ಕಾನ್ಪುರದ ವಿಧಾನವನ್ನು ದಾಖಲೆಯ ಬೇಟೆಗೆ ಯಾರೂ ಬಳಸುವುದಿಲ್ಲ. ಸಾಧಾರಣ ಆಕಾರದ ಸಂಖ್ಯೆಗಳಿಗೆ ಇವತ್ತು ಬಳಕೆಯಲ್ಲಿರುವುದು ದೀರ್ಘವೃತ್ತೀಯ ವಕ್ರರೇಖೆಗಳನ್ನು ಆಧರಿಸಿದ, 1980ರ ದಶಕದಲ್ಲಿ ಗೋಲ್ಡ್‌ವಾಸರ್, ಕಿಲಿಯನ್, ಆಟ್ಕಿನ್, ಮೊರೇನ್ ಮುಂತಾದವರು ಬೆಳೆಸಿದ ವಿಧಾನ. ಅದು ಕೂಡ ಲಕ್ಷದ ಆಸುಪಾಸಿನ ಅಂಕಿಗಳಿಗೆ ಬರುವಷ್ಟರಲ್ಲಿ ಬಸವಳಿಯುತ್ತದೆ. ಒಂದು ಕಡೆ ಲಕ್ಷ ಅಂಕಿ, ಇನ್ನೊಂದು ಕಡೆ ನಾಲ್ಕು ಕೋಟಿ ಅಂಕಿ. ಅಪರೂಪದ ಆಕಾರದಿಂದ ಸಿಕ್ಕ ಲಾಭ ಎಷ್ಟೆಂದು ಈ ಅಂತರವೇ ಹೇಳುತ್ತದೆ.

ಯಂತ್ರಗಳ ಕತೆಯನ್ನು ಚಿಕ್ಕದಾಗಿ ಹೇಳಬಹುದು. 1952ರ ಜನವರಿಯಲ್ಲಿ ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಂ ಲಾಸ್ ಏಂಜಲೀಸ್‌ನ ಸ್ವ್ಯಾಕ್ ಯಂತ್ರದ ಮೇಲೆ ಒಂದೇ ದಿನ 2⁵²¹ − 1 ಮತ್ತು 2⁶⁰⁷ − 1 ಎರಡನ್ನೂ ಹಿಡಿಯಿತು. 1963ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸಿಕ್ಕ 2¹¹²¹³ − 1ರ ಸುದ್ದಿಯನ್ನು ಅಲ್ಲಿನ ಗಣಿತ ವಿಭಾಗ ತನ್ನ ಅಂಚೆ ಮುದ್ರೆಯಲ್ಲೇ ಹಾಕಿಸಿಕೊಂಡಿತು. 1978ರಲ್ಲಿ 2²¹⁷⁰¹ − 1ನ್ನು ಕಂಡುಹಿಡಿದವರು ಲಾರಾ ನಿಕಲ್ ಮತ್ತು ಲ್ಯಾಂಡನ್ ಕರ್ಟ್ ನೋಲ್ ಎಂಬ ಹೈಸ್ಕೂಲ್ ವಿದ್ಯಾರ್ಥಿಗಳು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಗಿಂಪ್ಸ್ ಎಂಬ ಯೋಜನೆ ಶುರುಮಾಡಿದ ಮೇಲೆ, ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಮನೆಯ ಕಂಪ್ಯೂಟರ್‌ಗಳ ಬಿಡುವಿನ ಸಮಯವನ್ನು ಈ ಹುಡುಕಾಟಕ್ಕೆ ಕೊಡತೊಡಗಿದರು. 2018ರವರೆಗೆ ಬಂದವುಗಳೆಲ್ಲ ಹೀಗೆ ಮನೆ, ಕಚೇರಿ, ಕಾಲೇಜುಗಳ ಯಂತ್ರಗಳಿಂದ ಬಂದವು. 2024ರದು ಹಾಗಲ್ಲ. ಎನ್ವಿಡಿಯಾದ ಮಾಜಿ ಉದ್ಯೋಗಿ ಲ್ಯೂಕ್ ಡ್ಯುರಾಂಟ್ 17 ದೇಶಗಳ ಡೇಟಾ ಸೆಂಟರ್‌ಗಳಲ್ಲಿ ಗ್ರಾಫಿಕ್ಸ್ ಪ್ರೊಸೆಸರ್‌ಗಳನ್ನು ಬಾಡಿಗೆಗೆ ಹಿಡಿದು ಹುಡುಕಿದರು. ಡಬ್ಲಿನ್‌ನ ಒಂದು ಪ್ರೊಸೆಸರ್ ಸುಳಿವು ಕೊಟ್ಟಿತು, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದ ಇನ್ನೊಂದು ಲೂಕಾ–ಲೆಹ್ಮರ್ ಪರೀಕ್ಷೆಯಿಂದ ಅದನ್ನು ದೃಢಪಡಿಸಿತು. ಬಹುಮಾನದ ಮೂರು ಸಾವಿರ ಡಾಲರನ್ನು ಡ್ಯುರಾಂಟ್ ತಾವು ಓದಿದ ಅಲಬಾಮದ ಗಣಿತ ಮತ್ತು ವಿಜ್ಞಾನ ಶಾಲೆಗೆ ಕೊಟ್ಟರು.

ಈ ಲೆಕ್ಕದ ಒಳಗೆ ನಡೆಯುವುದು ಗುಣಾಕಾರ ಮಾತ್ರ, ಆದರೆ ಹದಿಮೂರು ಕೋಟಿಗೂ ಹೆಚ್ಚು ಸಲ. ಪ್ರತಿ ಸಲವೂ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು ವರ್ಗ ಮಾಡಬೇಕು. ಶಾಲೆಯ ಗುಣಾಕಾರದಲ್ಲಿ ಅಂಕಿಗಳು ಎರಡರಷ್ಟಾದರೆ ಕೆಲಸ ನಾಲ್ಕರಷ್ಟಾಗುತ್ತದೆ. 1971ರಲ್ಲಿ ಜರ್ಮನಿಯ ಶ್ಯೋನ್‌ಹಾಗೆ ಮತ್ತು ಸ್ಟ್ರಾಸೆನ್ ಧ್ವನಿ, ಬೆಳಕಿನ ತರಂಗಗಳನ್ನು ವಿಶ್ಲೇಷಿಸಲು ಬಳಸುವ ಫೂರಿಯರ್ ಗಣಿತವನ್ನು ಗುಣಾಕಾರಕ್ಕೆ ಒಗ್ಗಿಸಿದರು, ಕೆಲಸ ಎರಡರಷ್ಟಕ್ಕಿಂತ ಸ್ವಲ್ಪವೇ ಹೆಚ್ಚಾಗುವಂತೆ ಮಾಡಿದರು. ಭಾಗಾಕಾರವಂತೂ ಮರ್ಸೆನ್ ಸಂಖ್ಯೆಗಳಲ್ಲಿ ಪುಕ್ಕಟೆ ಸಿಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಅವು ಬರೀ ಒಂದುಗಳ ಸಾಲು, ಹಾಗಾಗಿ ಶೇಷ ಬೇಕೆಂದರೆ ಉದ್ದನೆಯ ಸಂಖ್ಯೆಯನ್ನು ಎರಡು ತುಂಡು ಮಾಡಿ ಕೂಡಿದರೆ ಆಯಿತು. ಕೋಟ್ಯಂತರ ಹೆಜ್ಜೆಗಳಲ್ಲಿ ಒಂದು ಬಿಟ್ ತಪ್ಪಿದರೂ ಉತ್ತರ ಕೆಡುತ್ತದೆ. ಆ ಭಯಕ್ಕೂ ಗಣಿತದಲ್ಲೇ ಮದ್ದು ಸಿಕ್ಕಿತು. 2017ರಲ್ಲಿ ರಾಬರ್ಟ್ ಗೆರ್ಬಿಟ್ಸ್ ದಾರಿಯುದ್ದಕ್ಕೂ ತಪ್ಪನ್ನು ಹಿಡಿಯುವ ತಪಾಸಣೆಯನ್ನು ಕೊಟ್ಟರು. ಇಂಥ ಲೆಕ್ಕಗಳು ಯಂತ್ರಗಳ ದೋಷವನ್ನೇ ಬಯಲು ಮಾಡಿದ್ದೂ ಉಂಟು. 1994ರಲ್ಲಿ ಥಾಮಸ್ ನೈಸ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷವನ್ನು ಹಿಡಿದದ್ದು ಅವಳಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ನೇರವಾಗಿ ಉತ್ತರಿಸಬೇಕು. ನಾಲ್ಕು ಕೋಟಿ ಅಂಕಿಗಳ ಈ ಸಂಖ್ಯೆಯಿಂದ ಸದ್ಯಕ್ಕೆ ಯಾವ ಉಪಯೋಗವೂ ಇಲ್ಲ. ಆರ್‌ಎಸ್‌ಎ ಗೂಢಲಿಪಿಗೆ ಬೇಕಾದವು ಮುನ್ನೂರು ಅಂಕಿಗಳ ಆಸುಪಾಸಿನ, ಯಾರಿಗೂ ಗೊತ್ತಿಲ್ಲದ ಅವಿಭಾಜ್ಯಗಳು. ಲೋಕಕ್ಕೆಲ್ಲ ಗೊತ್ತಾದದ್ದು ಗುಟ್ಟು ಕಾಯಲಾರದು. ಆದರೆ ಇದರ ಹಿರಿಯರು ಸುಮ್ಮನೆ ಕೂತಿಲ್ಲ. ರಾಬಿನ್ಸನ್ನರ 2⁵²¹ − 1, ಇವತ್ತು ಪಿ–521 ಎಂಬ ವಕ್ರರೇಖೆಯ ಬುನಾದಿಯಾಗಿ ಅಂತರ್ಜಾಲದ ಸಂದೇಶಗಳನ್ನು ಕಾಯುತ್ತಿದೆ. 1971ರಲ್ಲಿ ಸಿಕ್ಕ 2¹⁹⁹³⁷ − 1, ಯಾದೃಚ್ಛಿಕ ಸಂಖ್ಯೆಗಳನ್ನು ಉತ್ಪಾದಿಸುವ ಮರ್ಸೆನ್ ಟ್ವಿಸ್ಟರ್ ಎಂಬ ಜನಪ್ರಿಯ ವಿಧಾನದ ಆವರ್ತದ ಉದ್ದ. ಎರಡನ್ನೂ ಹುಡುಕಿದವರು ಈ ಕೆಲಸಗಳನ್ನು ಊಹಿಸಿಯೂ ಇರಲಿಲ್ಲ.

ಇನ್ನು ಗೊತ್ತಿಲ್ಲದಿರುವುದು. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಸಾಧಿಸಿದ. ಮರ್ಸೆನ್ ಅವಿಭಾಜ್ಯಗಳಿಗೆ ಕೊನೆಯಿದೆಯೇ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ಘಾತಾಂಕ ಅವಿಭಾಜ್ಯವಾಗಿದ್ದೂ ಒಡೆಯುವ ಮರ್ಸೆನ್ ಸಂಖ್ಯೆಗಳು ಅನಂತ ಎಂಬುದನ್ನೂ ಯಾರೂ ಸಾಧಿಸಿಲ್ಲ. ಪರೀಕ್ಷಿಸಿದವುಗಳಲ್ಲಿ ಬಹುಪಾಲು ಒಡೆದಿದ್ದರೂ ಪರಿಸ್ಥಿತಿ ಹೀಗಿದೆ. ಲೆನ್‌ಸ್ಟ್ರಾ, ಪೊಮರೆನ್ಸ್, ವ್ಯಾಗ್‌ಸ್ಟಾಫ್ ಅವರ ಊಹೆಯ ಪ್ರಕಾರ ಘಾತಾಂಕ ಎರಡರಷ್ಟಾದಂತೆಲ್ಲ ಸರಾಸರಿ 1.78 ಹೊಸ ಮರ್ಸೆನ್ ಅವಿಭಾಜ್ಯಗಳು ಸಿಗಬೇಕು. ಆ ಲೆಕ್ಕದಲ್ಲಿ 2024ರ ಘಾತಾಂಕದವರೆಗೆ ಸುಮಾರು 48 ಇರಬೇಕು, ಸಿಕ್ಕಿರುವುದು 52. ಊಹೆ ನಿಜಕ್ಕೆ ಹತ್ತಿರವಿದೆ ಎಂದು ನಂಬಲು ಅಷ್ಟು ಸಾಕು, ಸಾಧಿಸಲು ಸಾಲದು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬ ಹಳೆಯ ಪ್ರಶ್ನೆಯೂ ಹಾಗೇ ಇದೆ. ಇದ್ದರೆ ಅದಕ್ಕೆ 1,500ಕ್ಕೂ ಹೆಚ್ಚು ಅಂಕಿಗಳಿರಬೇಕು ಎಂಬಲ್ಲಿಗೆ ನಮ್ಮ ತಿಳಿವು ನಿಂತಿದೆ.

ನನಗೆ ಹೆಚ್ಚು ಕಾಡುವ ಪ್ರಶ್ನೆ ಇವುಗಳಿಗಿಂತ ಸಾದಾ. 2¹³⁶²⁷⁹⁸⁴¹ − 1 ಆದ ಮೇಲೆ ಬರುವ ಮುಂದಿನ ಅವಿಭಾಜ್ಯ ಯಾವುದು? ಅದಕ್ಕೆ ಎರಡು ಕೂಡಿದರೆ ಬರುವ ಸಂಖ್ಯೆ 3ರಿಂದ ಭಾಗವಾಗುತ್ತದೆ, ಆದ್ದರಿಂದ ಅದಲ್ಲ. ಯಾವುದೇ ಸಂಖ್ಯೆಗೂ ಅದರ ಎರಡರಷ್ಟಕ್ಕೂ ನಡುವೆ ಅವಿಭಾಜ್ಯವೊಂದು ಇದ್ದೇ ಇದೆ ಎಂದು ಚೆಬಿಷೆವ್ ಸಾಧಿಸಿದ್ದಾನೆ, ಅದಕ್ಕೆ 1919ರಲ್ಲಿ ರಾಮಾನುಜನ್ ಎರಡು ಪುಟಗಳ ಸೊಗಸಾದ ಸಾಧನೆ ಕೊಟ್ಟಿದ್ದಾರೆ. ಹಾಗಾಗಿ ಮುಂದಿನದು ಇದೆ. 1896ರ ಅವಿಭಾಜ್ಯ ಸಂಖ್ಯಾ ಪ್ರಮೇಯದ ಪ್ರಕಾರ ಆ ಎತ್ತರದಲ್ಲಿ ಒಂದು ಅವಿಭಾಜ್ಯಕ್ಕೂ ಇನ್ನೊಂದಕ್ಕೂ ಸರಾಸರಿ ಅಂತರ ಒಂಬತ್ತೂವರೆ ಕೋಟಿಯ ಹತ್ತಿರ. ಅಷ್ಟರೊಳಗೆ ಚಿಕ್ಕ ಭಾಜಕವಿರುವ ಸಂಖ್ಯೆಗಳನ್ನು ಜರಡಿ ಹಿಡಿದು ತೆಗೆದರೂ ಲಕ್ಷಗಟ್ಟಲೆ ಸಂಖ್ಯೆಗಳು ಪರೀಕ್ಷೆಗೆ ಉಳಿಯುತ್ತವೆ. ಅವುಗಳಲ್ಲಿ ಒಂದು ಫರ್ಮಾನ ಪರೀಕ್ಷೆಯನ್ನು ದಾಟಿತು ಎಂದೇ ಇಟ್ಟುಕೊಳ್ಳೋಣ. ಅದರ ಪಕ್ಕದ ಸಂಖ್ಯೆಗಳನ್ನು ಒಡೆಯುವ ದಾರಿ ನಮ್ಮಲ್ಲಿಲ್ಲ, ಆದ್ದರಿಂದ ಲೂಕಾನ ವಿಧಾನ ಕೈಕೊಡುತ್ತದೆ. ವಕ್ರರೇಖೆಗಳ ವಿಧಾನಕ್ಕೆ ಅದು ನಿಲುಕದು. ಕಾನ್ಪುರದ ವಿಧಾನ ಖಂಡಿತ ಉತ್ತರಿಸುತ್ತದೆ, ಆದರೆ ಇವತ್ತಿನ ಯಾವ ಯಂತ್ರದಲ್ಲೂ ಅಲ್ಲ. ಹೀಗೆ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಮುಂದಿನ ಅವಿಭಾಜ್ಯವನ್ನು ಹೆಸರಿಸುವ ಕೆಲಸ, ಪಕ್ಕದ ಸಂಖ್ಯೆಯ ನೆರವನ್ನು ಬೇಡದ ಮತ್ತು ಕೋಟಿ ಅಂಕಿಗಳನ್ನು ತಾಳಿಕೊಳ್ಳುವ ಹೊಸ ವಿಧಾನವೊಂದನ್ನು ಯಾರಾದರೂ ಕಂಡುಕೊಳ್ಳುವವರೆಗೆ ಹಾಗೇ ಬಾಕಿ ಇರುತ್ತದೆ.